ಲಂಗರಿನ ದೌರ್ಬಲ್ಯ: ಅಮೆರಿಕದ ಹತ್ತನೆಯ ಪಹರೆ ದಳ, 1941–42

ದ್ವಿತೀಯ ಮಹಾಯುದ್ಧದ ಪೆಸಿಫಿಕ್ ರಂಗದ ಇತಿಹಾಸವೆಂದರೆ ವಿಮಾನವಾಹಕ ನೌಕೆಗಳ ಸಂಘರ್ಷವೇ ಎಂಬ ಭಾವನೆ ಬೇರೂರಿರುವುದರಿಂದ, ಅದರ ಆರಂಭದ ತಿಂಗಳುಗಳಲ್ಲಿ ಫಿಲಿಪ್ಪೀನ್ಸಿನಿಂದ ಆಸ್ಟ್ರೇಲಿಯದವರೆಗೆ ಹಿಮ್ಮೆಟ್ಟುತ್ತಲೇ ಕಡಲನ್ನು ಕಾಯ್ದ ಅಮೆರಿಕದ ನೌಕಾಸೈನ್ಯದ ಹತ್ತನೆಯ ಪಹರೆ ದಳದ ವೃತ್ತಾಂತ ಅಡಿಟಿಪ್ಪಣಿಯ ಸ್ಥಾನಕ್ಕಿಳಿದಿದೆ. ದಳದ ವಿನಾಶಕ್ಕೆ ಕ್ಯಾಟಲೀನಾ ಹಾರುದೋಣಿಯ ಮಂದಗತಿಯೇ ಕಾರಣವೆಂಬುದು ಸಾಮಾನ್ಯ ಗ್ರಹಿಕೆ. ಮಂದಗತಿ ಸುಳ್ಳಲ್ಲ, ಆದರೆ ನಷ್ಟಗಳನ್ನು ಸ್ಥಳ ಕಾಲಗಳೊಡನೆ ಹಿಡಿದು ನೋಡಿದಲ್ಲಿ, ಅತ್ಯಂತ ಭಾರಿಯಾದ ಪೆಟ್ಟು ಬಿದ್ದುದು ಆಕಾಶದಲ್ಲಲ್ಲ, ನೀರಿನ ಮೇಲೆ, ಲಂಗರಿನಲ್ಲಿ, ಎಂಬುದು ಸ್ಪಷ್ಟವಾಗುತ್ತದೆ.

1940ರ ಡಿಸೆಂಬರಿನಲ್ಲಿ ಮನಿಲಾ ಕೊಲ್ಲಿಯ ಕವಿಟೆಯಲ್ಲಿ ಕ್ಯಾಪ್ಟನ್ ಫ್ರ್ಯಾಂಕ್ ವಾಗ್ನರನ ನೇತೃತ್ವದಲ್ಲಿ ರೂಪುಗೊಂಡ ಈ ದಳದಲ್ಲಿ, ಯುದ್ಧ ಹತ್ತಿಕೊಂಡಾಗ ಎರಡು ತುಕಡಿಗಳೂ 28 ಹಾರುದೋಣಿಗಳೂ ಇದ್ದುವು. 104 ಅಡಿ ಅಗಲದ ರೆಕ್ಕೆಯನ್ನು ಹೊತ್ತ ಈ ಯಂತ್ರ ಹನ್ನೆರಡು ಗಂಟೆಗಳಿಗೂ ಮೀರಿ ಬಾನಿನಲ್ಲಿರಬಲ್ಲುದಾಗಿದ್ದರೂ, ತನ್ನದೇ ಗಾಲಿಗಳಿಲ್ಲದ್ದರಿಂದ ಅದು ನೆಲಕ್ಕೇರಬೇಕಾದರೆ ಹೊರಗಿನಿಂದ ಗಾಲಿ ಜೋಡಿಸಿ ಎಳೆಯಬೇಕಾಗುತ್ತಿತ್ತು. ಉಳಿದಂತೆ ಅದರ ಮನೆ, ಮರೆಯಾದ ಯಾವುದೋ ಕೊಲ್ಲಿ ಮತ್ತು ಅಲ್ಲಿ ಪೆಟ್ರೋಲು, ಬಾಂಬು, ಊಟ, ಹಾಸಿಗೆಗಳನ್ನೊದಗಿಸುವ ಒಂದು ಪೋಷಕನೌಕೆ. ಒರಟಾದ ನೀರಿನಲ್ಲಿಳಿದಾಗ ತಳದ ತಗಡಿನ ರಿವೆಟ್ಟುಗಳು ಕಿತ್ತುಬಂದರೆ ಸಿಬ್ಬಂದಿ ಆ ರಂಧ್ರಗಳಿಗೆ ಸೀಸದಕಡ್ಡಿಯ ತುಂಡುಗಳನ್ನು ಬಡಿದು ನೀರು ತಡೆಯುವುದುಂಟು. ಯುದ್ಧಕಾಲದಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಗೆ ದುರಸ್ತಿಗೆಂದು ಬರುತ್ತಿದ್ದ ಇದೇ ಜಾತಿಯ ಹಾರುದೋಣಿಗಳು ಬೆಳ್ಳಂದೂರು ಕೆರೆಯಲ್ಲಿಳಿಯುತ್ತಿದ್ದುದನ್ನು ಬಲ್ಲವರಿಗೆ ಈ ಜಲಾವಲಂಬನ ಹೊಸತೆನಿಸದು.

1941ರ ಡಿಸೆಂಬರ್ 8ರ ಬೆಳಗ್ಗೆ ದಾವಾವ್ ಬಳಿಯ ಮಲಲಾಗ್ ಕೊಲ್ಲಿಯಲ್ಲಿ, ಹಳೆಯ ಧ್ವಂಸಕನೌಕೆಯೊಂದನ್ನು ಮಾರ್ಪಡಿಸಿದ ವಿಲಿಯಂ ಬಿ. ಪ್ರೆಸ್ಟನ್ ಎಂಬ ಪೋಷಕನೌಕೆ ನಿಂತಿತ್ತು. ಜಪಾನಿನ ರ್ಯೂಜೋ ವಾಹಕದಿಂದ ಬಂದ ವಿಮಾನಗಳು ಅದರ ರಕ್ಷಣೆಯಲ್ಲಿ ಲಂಗರು ಹಾಕಿದ್ದ ಎರಡು ಕ್ಯಾಟಲೀನಾಗಳನ್ನು ಗುಂಡಿಕ್ಕಿ ಮುಳುಗಿಸಿದುವು. ಡಿಸೆಂಬರ್ 12ರಂದಾದರೋ, ಪಹರೆ ಮುಗಿಸಿ ಸುಬಿಕ್ ಕೊಲ್ಲಿಯ ಒಲೊಂಗಾಪೋಗೆ ಮರಳಿದ ಏಳು ಹಾರುದೋಣಿಗಳ ಬೆನ್ನಟ್ಟಿ ಬಂದ ಜೀರೋ ವಿಮಾನಗಳು ಆ ಏಳನ್ನೂ ಒಂದೇ ದಾಳಿಯಲ್ಲಿ ನಾಶಗೊಳಿಸಿದುವು. ಅಂದರೆ ಐದು ದಿನಗಳೊಳಗೆ ಆ ಎರಡು ಕೊಲ್ಲಿಗಳಲ್ಲಿಯೇ ದಳದ ಮೂರನೆಯ ಒಂದಂಶದಷ್ಟು, ರೆಕ್ಕೆ ಬಿಚ್ಚುವ ಮೊದಲೇ, ಇಲ್ಲವಾಯಿತು.

ಉಳಿದವು ಡಚ್ಚರ ದ್ವೀಪಗಳತ್ತ ಸರಿದುವು. ಆಂಬೋನಿನಿಂದ ಹೊರಟು ಡಿಸೆಂಬರ್ 27ರಂದು ಹೋಲೋ ಬಂದರಿನ ಮೇಲೆ ಬಾಂಬು ಹಾಕಲು ಹೋದ ಆರರಲ್ಲಿ ನಾಲ್ಕು ಹಿಂದಿರುಗಲಿಲ್ಲ; ನನ್ನ ವಾದಕ್ಕೆ ಇದು ಪ್ರತಿಕೂಲವಾದ ನಿದರ್ಶನವೇ ಸರಿ, ಆದರೆ ಇಲ್ಲಿ ತಪ್ಪು ಯಂತ್ರದ್ದಕ್ಕಿಂತ, ಕಣ್ಣಾಗಿರಬೇಕಾದುದನ್ನು ಮುಷ್ಟಿಯಾಗಿ ಬಳಸಿದ ಆಜ್ಞೆಯದು. ನಾಲ್ಕು ದಿನಗಳ ಅನಂತರ ಹೆರಾನ್ ಎಂಬ ಪುಟ್ಟ ಪೋಷಕನೌಕೆ ಗಂಟೆಗಟ್ಟಲೆ ವಿಮಾನದಾಳಿಗಳನ್ನೆದುರಿಸಿ, ಶತ್ರುವಿನ ದೊಡ್ಡ ಹಾರುದೋಣಿಯೊಂದನ್ನೇ ಕೆಡವಿತು. ನೀರಿನಲ್ಲಿ ತೇಲುತ್ತಿದ್ದ ಅದರ ಸಿಬ್ಬಂದಿಯನ್ನು ಎತ್ತಿಕೊಳ್ಳಲು ಹೋದರೆ ಅವರು ಒಲ್ಲೆವೆಂದರು.

ಮಾರ್ಚ್ 3ರಂದು ಆಸ್ಟ್ರೇಲಿಯದ ಬ್ರೂಮ್ ಬಂದರಿನಲ್ಲಿ, ಜಾವಾದಿಂದ ನಿರಾಶ್ರಿತರನ್ನು ತಂದು ನಿಂತಿದ್ದ ಡಚ್ಚರ ಹಾರುದೋಣಿಗಳ ಜೊತೆಗೆ ದಳದ ಎರಡು ಕ್ಯಾಟಲೀನಾಗಳೂ ಸೇರಿ ಹದಿನೈದು ಹಾರುದೋಣಿಗಳು ಲಂಗರಿನಲ್ಲಿಯೇ ಉರಿದುಹೋದುವು. ಏಪ್ರಿಲಿನಲ್ಲಿ ಅಳಿದುಳಿದ ತುಕಡಿಗಳು ಪರ್ತಿನ ಸ್ವಾನ್ ನದಿಯ ಮೇಲೆ ಒಂದರಲ್ಲೊಂದು ವಿಲೀನವಾದುವು.

ಆ ತಿಂಗಳ ಕೊನೆಯಲ್ಲಿ ಅಲ್ಲಿಂದ ಎರಡು ಹಾರುದೋಣಿಗಳು ಮುತ್ತಿಗೆಗೊಳಗಾದ ಕೊರೆಗಿಡೋರ್ ದ್ವೀಪಕ್ಕೆ ಹೋಗಿ ದಾದಿಯರೇ ಮೊದಲಾದವರನ್ನು ಕತ್ತಲಲ್ಲಿ ಹತ್ತಿಸಿಕೊಂಡುವು. ಪೆಟ್ರೋಲಿಗಾಗಿ ಮಿಂದನಾವೋದ ಲನಾವೋ ಸರೋವರದಲ್ಲಿಳಿದು ಮತ್ತೆ ಹೊರಡುವ ಹೊತ್ತಿಗೆ, ಒಂದರ ತಳ ನೀರಿನಡಿಯ ಬಂಡೆಗೆ ತಾಗಿ ಸೀಳಿತು. ಸಿಬ್ಬಂದಿ ತೇಪೆ ಹಾಕಿ ಅದನ್ನು ಹಾರಿಸಿಕೊಂಡು ಹೋಗುವಷ್ಟರಲ್ಲಿ ಪ್ರಯಾಣಿಕರು ಸರೋವರವನ್ನು ಬಿಟ್ಟು ಹೋಗಿದ್ದರು. ಹಿಂದುಳಿದ ದಾದಿಯರು ಜಪಾನೀಯರ ಸೆರೆಯಾದರು.