ವಿಲೋಮ ಅನಿಲ ಕ್ರೊಮ್ಯಾಟೊಗ್ರಫಿ: ದ್ರಾವಕ–ಪಾಲಿಮರ್ ನಂಟನ್ನು ಅಳೆದ ಚರಿತ್ರೆ

ಪಾಲಿಮರ್ ಒಂದನ್ನು ಸಣ್ಣ ಕೊಳವೆಯಲ್ಲಿ ತುಂಬಿ, ಅದರೊಳಗಿಂದ ದ್ರಾವಕದ ಆವಿಯನ್ನು ಹಾಯಿಸಿ, ಆವಿ ಎಷ್ಟು ಹೊತ್ತು ತಡೆದು ಹೊರಬರುತ್ತದೆ ಎಂಬುದರಿಂದ ಅವೆರಡರ ನಡುವಿನ ಸೆಳೆತವನ್ನು ಲೆಕ್ಕ ಹಾಕುವ ವಿಧಾನಕ್ಕೆ ವಿಲೋಮ ಅನಿಲ ಕ್ರೊಮ್ಯಾಟೊಗ್ರಫಿ ಎಂದು ಹೆಸರು. ಸಾಮಾನ್ಯ ಅನಿಲ ಕ್ರೊಮ್ಯಾಟೊಗ್ರಫಿಯಲ್ಲಿ ಕೊಳವೆಯೊಳಗಿನ ವಸ್ತು ಗೊತ್ತಿರುತ್ತದೆ, ಒಳಗೆ ಬಿಟ್ಟ ಮಾದರಿಯಲ್ಲಿ ಏನೇನಿದೆ ಎಂಬುದನ್ನು ಕಂಡುಹಿಡಿಯಬೇಕಾಗಿರುತ್ತದೆ. ಇಲ್ಲಿ ಆವಿ ಗೊತ್ತಿರುವಂಥದ್ದು, ತಿಳಿಯಬೇಕಾದ್ದು ಕೊಳವೆಯಲ್ಲಿ ಕೂತಿರುವ ಪಾಲಿಮರ್‌ನ ಗುಣ. ‘ವಿಲೋಮ’ ಎಂಬ ಮಾತು ಬಂದದ್ದು ಅದಕ್ಕೆ.

ಬನಹಟ್ಟಿ–ರಬಕವಿಯಂಥ ನೇಕಾರರ ಊರಿನಲ್ಲಿ ಪಾಲಿಮರ್ ಎಂಬುದು ದೂರದ ಮಾತಲ್ಲ. ಹತ್ತಿಯ ನೂಲು ಸೆಲ್ಯುಲೋಸ್ ಎಂಬ ಪಾಲಿಮರ್. ರೇಯಾನ್ ಕೂಡ ಅದೇ ಸೆಲ್ಯುಲೋಸನ್ನು ಕರಗಿಸಿ ಎಳೆಯಾಗಿ ಎಳೆದದ್ದು. ರೇಷ್ಮೆ ಪ್ರೋಟೀನು, ಹಾಸಿನ ನೂಲಿಗೆ ಹಚ್ಚುವ ಗಂಜಿ ಪಿಷ್ಟ, ಅದರ ಜಾಗಕ್ಕೆ ಬಂದ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ಕಾರ್ಖಾನೆಯಲ್ಲಿ ಹುಟ್ಟಿದ ಪಾಲಿಮರ್. ಗಂಜಿ ನೂಲನ್ನು ಹಿಡಿಯುವುದು, ಬಣ್ಣ ಎಳೆಯೊಳಗೆ ಇಳಿಯುವುದು, ಒಗೆದಾಗ ಗಂಜಿ ಬಿಟ್ಟು ಬಣ್ಣ ಮಾತ್ರ ಉಳಿಯುವುದು, ಇವೆಲ್ಲ ದ್ರಾವಕಕ್ಕೂ ಪಾಲಿಮರಿಗೂ ಇರುವ ನಂಟಿನ ಸಂಗತಿಗಳೇ. ಆ ನಂಟಿಗೆ ಅಂಕಿ ಕೊಡಲು ಹೊರಟವರ ಚರಿತ್ರೆಯೂ ನೂಲಿನ ಮನೆಯಿಂದಲೇ ಶುರುವಾಗುತ್ತದೆ.

ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಉಣ್ಣೆ ಉದ್ಯಮದ ಸಂಶೋಧನಾಲಯವೊಂದಿತ್ತು. ಅಲ್ಲಿ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಉಣ್ಣೆಯ ಪ್ರೋಟೀನಿನಲ್ಲಿರುವ ಅಮೈನೊ ಆಮ್ಲಗಳನ್ನು ಬೇರ್ಪಡಿಸಲು ಹೆಣಗುತ್ತಿದ್ದರು. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಎಲೆಯ ಬಣ್ಣಗಳನ್ನು ಪುಡಿ ತುಂಬಿದ ಕೊಳವೆಯಲ್ಲಿ ಬೇರೆ ಬೇರೆ ಪಟ್ಟೆಗಳಾಗಿ ಇಳಿಸಿ ತೋರಿಸಿದ್ದ. ಲೀಡ್ಸ್‌ನ ಇಬ್ಬರು ಪುಡಿಯ ಮೇಲೆ ತೆಳುವಾಗಿ ದ್ರವವನ್ನು ನಿಲ್ಲಿಸಿ, ಅದರ ಮೇಲೆ ಇನ್ನೊಂದು ದ್ರವವನ್ನು ಹರಿಸಿದರು. ಪ್ರತಿ ವಸ್ತುವೂ ಈ ಎರಡು ದ್ರವಗಳ ನಡುವೆ ತನ್ನ ಒಲವಿನಂತೆ ಹಂಚಿಕೊಂಡು ಬೇರೆ ಬೇರೆ ವೇಗದಲ್ಲಿ ಇಳಿಯಿತು. ಹರಿಯುವ ದ್ರವದ ಬದಲು ಅನಿಲವನ್ನೂ ಬಳಸಬಹುದು ಎಂದು 1941ರ ಪ್ರಬಂಧದಲ್ಲೇ ಅವರು ಬರೆದಿದ್ದರು. ಹತ್ತು ವರ್ಷ ಆ ಮಾತನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಕೊನೆಗೆ ಮಾರ್ಟಿನ್ ತಾನೇ ಆ್ಯಂಥನಿ ಜೇಮ್ಸ್ ಜೊತೆ ಸೇರಿ 1952ರಲ್ಲಿ ಅನಿಲ–ದ್ರವ ಕ್ರೊಮ್ಯಾಟೊಗ್ರಫಿಯನ್ನು ಪ್ರಕಟಿಸಿದ. ಅದೇ ವರ್ಷ ಮಾರ್ಟಿನ್ ಮತ್ತು ಸಿಂಜ್‌ಗೆ ನೊಬೆಲ್ ಬಹುಮಾನ ಬಂತು.

ಪಾಲಿಮರ್ ದ್ರಾವಣಗಳ ಸಿದ್ಧಾಂತವೂ ಅದೇ ಕಾಲದ್ದು. 1941–42ರಲ್ಲಿ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಉದ್ದನೆಯ ಸರಪಳಿ ಅಣುವೊಂದು ಪುಟ್ಟ ದ್ರಾವಕ ಅಣುಗಳೊಡನೆ ಬೆರೆಯುವುದನ್ನು ಗಣಿತಕ್ಕೆ ತಂದರು. ಅವರ ಸಮೀಕರಣದಲ್ಲಿ ‘ಕೈ’ ಎಂಬ ಗ್ರೀಕ್ ಅಕ್ಷರದ ಒಂದು ಅಂಕಿ ಇದೆ. ಈ ಅಂಕಿ ಸಣ್ಣದಾದಷ್ಟೂ ದ್ರಾವಕ ಆ ಪಾಲಿಮರ್‌ಗೆ ಒಗ್ಗುತ್ತದೆ. ತೆಳು ದ್ರಾವಣದಲ್ಲಿ 0.5 ದಾಟಿತೆಂದರೆ ಉದ್ದನೆಯ ಸರಪಳಿಗಳು ಕರಗಲು ಒಲ್ಲೆನ್ನುತ್ತವೆ. ಬಣ್ಣ, ಅಂಟು, ರಬ್ಬರು, ಎಳೆ, ಯಾವುದರ ರಸಾಯನವಿಜ್ಞಾನಿಗೂ ಈ ಅಂಕಿ ಬೇಕು. ಆದರೆ ಅದನ್ನು ಅಳೆಯುವುದು ಕಷ್ಟವಿತ್ತು. ಪಾಲಿಮರನ್ನು ದ್ರಾವಕದ ಆವಿಯಲ್ಲಿ ತೂಗುಹಾಕಿ, ಅದು ಆವಿಯನ್ನು ಹೀರಿ ತೂಕ ನಿಲ್ಲುವ ತನಕ ಕಾಯಬೇಕಿತ್ತು. ಗಟ್ಟಿ ಪಾಲಿಮರ್ ಆದರೆ ಒಂದೊಂದು ಬಿಂದುವಿಗೂ ದಿನಗಟ್ಟಲೆ ಹಿಡಿಯುತ್ತಿತ್ತು.

‘ವಿಲೋಮ’ ಎಂಬ ವಿಶೇಷಣವನ್ನು ಚಲಾವಣೆಗೆ ತಂದದ್ದು ಡಾಂಬರು. 1966ರಲ್ಲಿ ಅಮೆರಿಕದ ಡೇವಿಸ್, ಪೀಟರ್ಸನ್ ಮತ್ತು ಸಂಗಡಿಗರು ರಸ್ತೆಯ ಡಾಂಬರನ್ನೇ ಕೊಳವೆಯಲ್ಲಿ ತುಂಬಿ, ಗೊತ್ತಿರುವ ಆವಿಗಳನ್ನು ಅದರೊಳಗೆ ಕಳಿಸಿ ಅದರ ಗುಣ ತಿಳಿಯಲು ನೋಡಿದರು. ಪಾಲಿಮರ್‌ಗಳಿಗೆ ಈ ವಿಧಾನವನ್ನು ಗಟ್ಟಿಯಾಗಿ ಒಗ್ಗಿಸಿದ ಪ್ರಬಂಧ ಬಂದದ್ದು 1969ರಲ್ಲಿ, ಟೊರಾಂಟೊದ ಜೇಮ್ಸ್ ಗಿಯೆ ಮತ್ತು ನಾರ್ವೆಯ ಓಲಾವ್ ಸ್ಮಿಡ್ಸ್‌ರೋಡ್ ಅವರಿಂದ. ಸ್ಮಿಡ್ಸ್‌ರೋಡ್ ಕಡಲಪಾಚಿಯ ಆಲ್ಜಿನೇಟ್ ಎಂಬ ಪಾಲಿಮರ್ ಬಲ್ಲವರೆಂದು ಹೆಸರಾದವರು. ಬಟ್ಟೆಗೆ ಅಚ್ಚು ಒತ್ತುವಾಗ ಬಣ್ಣ ಹರಡದಂತೆ ಮಂದಗೊಳಿಸಲು ಬಳಸುವುದು ಅದೇ ಆಲ್ಜಿನೇಟನ್ನು.

ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಪಾಲಿಮರನ್ನು ಕರಗಿಸಿ, ರವೆಯಂಥ ಜಡ ಪುಡಿಯ ಮೇಲೆ ತೆಳುವಾಗಿ ಲೇಪಿಸಿ, ಒಣಗಿಸಿ, ಲೋಹದ ಕೊಳವೆಯಲ್ಲಿ ತುಂಬುತ್ತಾರೆ. ಕೊಳವೆಯನ್ನು ಕಟ್ಟುನಿಟ್ಟಾದ ಉಷ್ಣತೆಯ ಪೆಟ್ಟಿಗೆಯೊಳಗಿಟ್ಟು ಹೀಲಿಯಂ ಅಥವಾ ನೈಟ್ರೋಜನ್ ಹರಿಸುತ್ತಾರೆ. ಸೂಜಿಯಿಂದ ಒಂದಿಷ್ಟು ಆವಿಯನ್ನು, ಜೊತೆಗೆ ಪಾಲಿಮರಿಗೆ ಅಂಟದ ಮೀಥೇನನ್ನು ಒಳಗೆ ಬಿಡುತ್ತಾರೆ. ಮೀಥೇನ್ 1 ನಿಮಿಷಕ್ಕೆ ಹೊರಬಂದು, ಟಾಲ್ವೀನ್ ಆವಿ 6 ನಿಮಿಷಕ್ಕೆ ಬಂದಿತು ಎಂದುಕೊಳ್ಳಿ. ನಂಟರ ಮನೆಗೆ ಹೋದವರು ಬೇಗ ಏಳುವುದಿಲ್ಲವಲ್ಲ, ಆ ಹೆಚ್ಚಿನ 5 ನಿಮಿಷ ಟಾಲ್ವೀನ್ ಪಾಲಿಮರ್‌ನೊಳಗೆ ಕೂತಿದ್ದ ಹೊತ್ತು. ಅನಿಲದ ಹರಿವು ನಿಮಿಷಕ್ಕೆ 20 ಮಿಲಿಲೀಟರ್ ಇದ್ದರೆ ತಡೆದ ಗಾತ್ರ 100 ಮಿಲಿಲೀಟರ್. ಕೊಳವೆಯಲ್ಲಿ ಅರ್ಧ ಗ್ರಾಂ ಪಾಲಿಮರ್ ಇದ್ದರೆ ಗ್ರಾಂಗೆ 200. ಕೊಳವೆಯ ಆ ತುದಿಗೂ ಈ ತುದಿಗೂ ಇರುವ ಒತ್ತಡದ ವ್ಯತ್ಯಾಸವನ್ನು ಸರಿಪಡಿಸಿ, 0 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಬರೆದರೆ ಅದೇ ‘ವಿಶಿಷ್ಟ ಧಾರಣ ಗಾತ್ರ’. ದ್ರಾವಕದ ಆವಿಯೊತ್ತಡವೂ ಎರಡರ ಸಾಂದ್ರತೆಯೂ ಗೊತ್ತಿದ್ದರೆ ಫ್ಲೋರಿ–ಹಗಿನ್ಸ್ ಅಂಕಿ ಕೈಗೆ ಸಿಗುತ್ತದೆ. ದಿನಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಈ ಸಂಬಂಧವನ್ನು ಸರಿಯಾಗಿ ಬರೆದುಕೊಟ್ಟದ್ದು 1971ರಲ್ಲಿ ಡೊನಾಲ್ಡ್ ಪ್ಯಾಟರ್ಸನ್, ತಿವಾರಿ, ಶ್ರೈಬರ್ ಮತ್ತು ಗಿಯೆ ಅವರ ಪ್ರಬಂಧ.

ಭಾರತೀಯರ ಪಾಲು ಇಲ್ಲಿ ಚಿಕ್ಕದಲ್ಲ. ಪ್ಯಾಟರ್ಸನ್ ಮತ್ತು ಶ್ರೈಬರ್ ಜೊತೆ 1974ರಲ್ಲಿ ಎರಡು ವಸ್ತುಗಳ ಮಿಶ್ರಣವನ್ನೇ ಕೊಳವೆಯಲ್ಲಿ ಕೂರಿಸಿ ಅವೆರಡರ ನಡುವಿನ ಸೆಳೆತವನ್ನು ಅಳೆದವರು ಡಿ. ಡಿ. ದೇಶಪಾಂಡೆ. ಮುಂದೆ 1978ರಲ್ಲಿ ಅವರು ಓ. ಎಸ್. ತ್ಯಾಗಿ ಅವರೊಡನೆ ಪಾಲಿವಿನೈಲ್ ಅಸಿಟೇಟ್ ಮೇಲೆ ಕೆಲಸ ಮಾಡಿದರು. ಬಡಗಿಗಳು ಬಳಸುವ ಬಿಳಿ ಅಂಟಿನ ಮೂಲವಸ್ತು ಅದು. ಸುಮಾರು 30 ಡಿಗ್ರಿಯ ಕೆಳಗೆ ಗಾಜಿನಂತೆ ಬಿರುಸಾಗಿದ್ದು, ಮೇಲೆ ಹೋದಂತೆ ಮೆತ್ತಗಾಗುತ್ತದೆ. ಆವಿ ತಡೆಯುವ ಹೊತ್ತನ್ನು ಉಷ್ಣತೆಯ ಎದುರು ಗೆರೆ ಎಳೆದರೆ ಈ ತಿರುವಿನಲ್ಲಿ ಗೆರೆ ಡೊಂಕಾಗುತ್ತದೆ. ಗಾಜಿನ ಸ್ಥಿತಿಯಲ್ಲಿ ಆವಿ ಮೇಲ್ಮೈಗೆ ಮಾತ್ರ ತಾಗಿ ಹೋಗುತ್ತದೆ, ಮೆತ್ತಗಾದ ಮೇಲೆ ಒಳಗಿಳಿಯುತ್ತದೆ. ಬನಹಟ್ಟಿಯ ಬೇಸಿಗೆಯ ಮಧ್ಯಾಹ್ನದ ಬಿಸಿಲೇ ಈ ಪಾಲಿಮರನ್ನು ಆ ಗಡಿ ದಾಟಿಸುತ್ತದೆ.

ಕನ್ನಡನಾಡಿಗೆ ತೀರ ಹತ್ತಿರದ ಎಳೆ ಧಾರವಾಡದ್ದು, ಅದು ಶುರುವಾದದ್ದು ಮಾತ್ರ ಅಮೆರಿಕದಲ್ಲಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರದಲ್ಲಿ ಪ್ರಾಗ್ ನಗರದಿಂದ ಹೋಗಿ ನೆಲೆಸಿದ ಪೆಟರ್ ಮುಂಕ್ ಪಾಲಿಮರ್ ದ್ರಾವಣಗಳ ಅಧ್ಯಾಪಕರಾಗಿದ್ದರು. ಅವರೊಡನೆ ತೇಜರಾಜ ಅಮ್ಮಿನಭಾವಿ 1979ರಲ್ಲಿ, ಮಿಶ್ರ ದ್ರಾವಕದಲ್ಲಿ ಪಾಲಿಸ್ಟೈರೀನ್ ಯಾವ ದ್ರಾವಕವನ್ನು ತನ್ನ ಸುತ್ತ ಹೆಚ್ಚು ಸೆಳೆದುಕೊಳ್ಳುತ್ತದೆ ಎಂಬುದರ ಬಗ್ಗೆ ಬರೆದರು. ಅಮ್ಮಿನಭಾವಿ ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂದು ದ್ರಾವಕ–ಪಾಲಿಮರ್ ವಿಷಯವನ್ನೇ ದಶಕಗಳ ಕಾಲ ಬೆಳೆಸಿದರು. ಅವರ ಗುಂಪಿನ ಆಯುಧ ಬಹುಮಟ್ಟಿಗೆ ತಕ್ಕಡಿ. ರಬ್ಬರಿನ ಅಥವಾ ಪಾಲಿಯುರೆಥೇನಿನ ಬಿಲ್ಲೆಯನ್ನು ದ್ರಾವಕದ ಬಾಟಲಿಯಲ್ಲಿ ಮುಳುಗಿಸಿಡುವುದು, ಹೊತ್ತು ಹೊತ್ತಿಗೆ ತೆಗೆದು ಫಿಲ್ಟರ್ ಕಾಗದದ ನಡುವೆ ಒತ್ತಿ ಮೇಲಿನ ಹನಿ ಒರೆಸುವುದು, ದ್ರಾವಕ ಆರಿಹೋಗುವ ಮೊದಲೇ ಅರೆ ನಿಮಿಷದೊಳಗೆ ತೂಗಿ ಮತ್ತೆ ಮುಳುಗಿಸುವುದು. ತೂಕ ಏರುವ ರೀತಿಯಿಂದ ದ್ರಾವಕ ಎಷ್ಟು ಹೀರಿತು, ಎಷ್ಟು ವೇಗದಲ್ಲಿ ಒಳಗೆ ಸರಿಯಿತು ಎಂಬ ಲೆಕ್ಕ ಬರುತ್ತದೆ. ಅಲ್ಲಿ ದ್ರಾವಕದ ಮಡುವಿನಲ್ಲಿ ಪಾಲಿಮರ್ ಮುಳುಗಿರುತ್ತದೆ. ವಿಲೋಮ ವಿಧಾನದ ಕೊಳವೆಯಲ್ಲಿ ಪಾಲಿಮರ್‌ನ ರಾಶಿಯ ನಡುವೆ ದ್ರಾವಕದ ಕೆಲವೇ ಅಣುಗಳು ಹಾದುಹೋಗುತ್ತವೆ. ಒಂದೇ ನಂಟನ್ನು ಎರಡು ತುದಿಯಿಂದ ನೋಡುವ ಈ ಎರಡು ದಾರಿಗಳಲ್ಲಿ ಒಂದು ಇನ್ನೊಂದರ ಬದಲಿಯಲ್ಲ, ಎರಡೂ ಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಮುಂಕ್ ಮತ್ತು ಅಮ್ಮಿನಭಾವಿ ಸೇರಿ ಬರೆದ ಬೃಹದಣು ವಿಜ್ಞಾನದ ಪಠ್ಯದ ಎರಡನೆಯ ಆವೃತ್ತಿ 2002ರಲ್ಲಿ ಹೊರಬಂತು.

ವಿಲೋಮ ವಿಧಾನದ ದೋಷಗಳನ್ನು ಬಿಡದೆ ಹುಡುಕಿದವರೂ ಮುಂಕ್ ಅವರೇ. 1984ರಲ್ಲಿ ಅವರು ಝೆಕಿ ಅಲ್‌–ಸೈಘ್ ಜೊತೆ ಲೇಪನದ ಹೊಸ ಕ್ರಮವನ್ನು ಕೊಟ್ಟರು. ಪುಡಿಯನ್ನು ಗುಡ್ಡೆ ಹಾಕಿ, ಪಾಲಿಮರ್ ದ್ರಾವಣವನ್ನು ಅದರ ಮೇಲೆ ಸ್ವಲ್ಪ ಸ್ವಲ್ಪವೇ ಸುರಿದು ಇಂಗಿಸಿ, ಒಣಗಿದ ಮೇಲೆ ಕಲಸಿ, ಮತ್ತೆ ಸುರಿಯುವುದು. ಹೀಗೆ ಮಾಡಿದರೆ ಪಾತ್ರೆಯ ಗೋಡೆಗೆ ಅಂಟಿ ಪಾಲಿಮರ್ ನಷ್ಟವಾಗುವುದಿಲ್ಲ, ತೂಕದ ಲೆಕ್ಕ ತಪ್ಪುವುದಿಲ್ಲ. ಮರುವರ್ಷ ಅವರ ಗುಂಪು, ಜಡವೆಂದು ಎಲ್ಲರೂ ನಂಬಿದ್ದ ಆ ಪುಡಿ ತಾನೂ ಆವಿಯನ್ನು ಹಿಡಿಯುತ್ತದೆ, ಅದನ್ನು ಕಳೆಯದಿದ್ದರೆ ಅಂಕಿ ಕೆಡುತ್ತದೆ ಎಂದು ತೋರಿಸಿತು. ಹಳೆಯ ಅಂಕಿಗಳನ್ನು ಬಳಸುವವರು ಈ ತಿದ್ದುಪಡಿ ಆಗಿದೆಯೇ ಎಂದು ನೋಡಿಕೊಳ್ಳಲೇಬೇಕು.

ನೇಕಾರರಿಗೆ ಎಲ್ಲಕ್ಕಿಂತ ಹತ್ತಿರದ ಕವಲು ಕೆನಡಾದ ಡೆರೆಕ್ ಗ್ರೇ ಅವರದು. ಎಳೆಗಳಿಗೆ ಲೇಪನದ ತೊಂದರೆಯೇ ಇಲ್ಲ, ಎಳೆಯನ್ನೇ ಕೊಳವೆಯಲ್ಲಿ ತುಂಬಬಹುದು. 1980ರಲ್ಲಿ ಡೊರಿಸ್ ಮತ್ತು ಗ್ರೇ ಸೆಲ್ಯುಲೋಸ್ ಕಾಗದ ಮತ್ತು ಮರದ ನಾರಿನ ಮೇಲೆ ಹೆಕ್ಸೇನ್, ಹೆಪ್ಟೇನ್, ಆಕ್ಟೇನ್ ಎಂದು ಒಂದೊಂದೇ ಇಂಗಾಲ ಹೆಚ್ಚಿರುವ ಆವಿಗಳನ್ನು ಹಾಯಿಸಿದರು. ಒಂದು ಇಂಗಾಲ ಹೆಚ್ಚಾದಾಗ ತಡೆ ಎಷ್ಟು ಹೆಚ್ಚುತ್ತದೆ ಎಂಬುದರಿಂದ ಎಳೆಯ ಮೇಲ್ಮೈ ಶಕ್ತಿಯನ್ನು ಲೆಕ್ಕ ಹಾಕಿದರು. ಗಂಜಿ ನೂಲಿಗೆ ಹಿಡಿಯುವುದು, ರಾಳ ಎಳೆಗೆ ಕಚ್ಚುವುದು ಈ ಶಕ್ತಿಯ ಮೇಲೆ ನಿಂತಿದೆ. 1989ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿ ಈ ವಿಧಾನದ ಮೇಲೆಯೇ ಒಂದು ಸಂಪುಟ ತಂದಿತು. ಆಮೇಲೆ ಔಷಧದ ಪುಡಿಗಳಿಗೂ ಇದು ಹಬ್ಬಿತು, ಇದಕ್ಕೆಂದೇ ಮಾಡಿದ ಯಂತ್ರಗಳು ಮಾರುಕಟ್ಟೆಗೆ ಬಂದವು.

ಆದರೆ ಆ ದುಬಾರಿ ಯಂತ್ರ ಬೇಕೇ ಬೇಕೆಂದಿಲ್ಲ. ಗಿಯೆ, ದೇಶಪಾಂಡೆ, ಗ್ರೇ ಇವರೆಲ್ಲ ದುಡಿದದ್ದು ಸಾಧಾರಣ ಅನಿಲ ಕ್ರೊಮ್ಯಾಟೊಗ್ರಾಫ್ ಇಟ್ಟುಕೊಂಡೇ. ಜಮಖಂಡಿ, ಮುಧೋಳ, ಬನಹಟ್ಟಿಯ ಕಡೆಯ ರಸಾಯನಶಾಸ್ತ್ರದ ಅಧ್ಯಾಪಕರಲ್ಲಿ, ಧಾರವಾಡದಲ್ಲಿ ಓದುತ್ತಿರುವ ಈ ಸೀಮೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಗಂಜಿ ಹಾಕದ ಹಾಸಿನ ನೂಲು ಒಂದು ಕೊಳವೆಯಲ್ಲಿ, ಗಂಜಿ ಹಾಕಿದ್ದು ಇನ್ನೊಂದರಲ್ಲಿ, ಪಿವಿಎ ಹಾಕಿದ್ದು ಮತ್ತೊಂದರಲ್ಲಿ ತುಂಬಿ, ಹೆಕ್ಸೇನಿನಿಂದ ಆಕ್ಟೇನಿನವರೆಗಿನ ಆವಿಗಳನ್ನು ಹಾಯಿಸಿ ನೋಡಿ. ಬೇಕಾಗುವ ನೂಲು ಕೆಲವೇ ಗ್ರಾಂ. ಬಂದ ಅಂಕಿಗಳನ್ನು ಮೊದಲು ಆ ನೂಲು ಕೊಟ್ಟ ನೇಕಾರರಿಗೆ ತೋರಿಸಿ.