ಕಳಪೆ ಬ್ಯಾಕ್‌ಲಿಂಕ್ (ಇತಿಹಾಸ)

ಒಂದು ಜಾಲತಾಣಕ್ಕೆ ಬೇರೆ ತಾಣಗಳಿಂದ ಬರುವ ಕೊಂಡಿಯೇ ಬ್ಯಾಕ್‌ಲಿಂಕ್. ದುಡ್ಡು ಕೊಟ್ಟು ಹಾಕಿಸಿದ, ತಂತ್ರಾಂಶದಿಂದ ಸಾವಿರಗಟ್ಟಲೆ ಸುರಿದ, ಅನ್ಯರ ತಾಣದೊಳಗೆ ಕದ್ದು ತುರುಕಿದ ಕೊಂಡಿಗಳು ಕಳಪೆ ಎನಿಸುತ್ತವೆ. ಇವು ಹುಡುಕಾಟದ ಫಲಿತಾಂಶಗಳಲ್ಲಿ ತಾಣದ ಸ್ಥಾನವನ್ನು ಕೆಳಗಿಳಿಸುತ್ತವೆಯೋ, ಲೆಕ್ಕಕ್ಕೇ ಬರುವುದಿಲ್ಲವೋ ಎಂಬ ಬಗ್ಗೆ ಬರಹಗಾರರಲ್ಲಿ ಒಮ್ಮತವಿಲ್ಲ. ಬೇರೆ ಬೇರೆ ಕಾಲದ ನಿಯಮಗಳನ್ನು ಒಟ್ಟಿಗೆ ಕಲಸಿರುವುದೇ ಈ ಗೊಂದಲದ ಮೂಲ.

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಪ್ರಕಟಿಸಿದ, ಗೂಗಲ್ ಹುಡುಕಾಟಕ್ಕೆ ಬುನಾದಿಯಾದ ಪೇಜ್‌ರ‍್ಯಾಂಕ್ ಪದ್ಧತಿಯಲ್ಲಿ ಕೊಂಡಿಗೆ ಮತದ ಬೆಲೆ ಬಂತು. ಮತ ಖರೀದಿಯೂ ಶುರುವಾಯಿತು. ಕೊಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನುವ, 2005ರಲ್ಲಿ ಬಂದ ‘ನೋಫಾಲೋ’ ಗುರುತು ಅದನ್ನು ತಡೆಯಲಿಲ್ಲ. 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯ ಪರವಾಗಿ ನೆಟ್ಟಿದ್ದ ಕೊಂಡಿಗಳನ್ನು ಬಯಲಿಗೆಳೆದಾಗ, ಗೂಗಲ್ ಸಿಬ್ಬಂದಿಯೇ ಆ ತಾಣವನ್ನು ಕೆಳಗಿಳಿಸಿದರು.

2012ರ ಏಪ್ರಿಲ್ 24ರಂದು ಜಾರಿಯಾದ ಗೂಗಲ್‌ನ ಕ್ರಮವಿಧಿ ‘ಪೆಂಗ್ವಿನ್’ ಈ ಕೆಲಸವನ್ನು ಯಂತ್ರಕ್ಕೆ ವಹಿಸಿತು. ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು ಶೇ 3.1ರಷ್ಟರ ಮೇಲೆ ಇದರ ಪರಿಣಾಮವಾಗುತ್ತದೆ ಎಂದು ಗೂಗಲ್ ಹೇಳಿತ್ತು. ಏಟು ಬಿದ್ದದ್ದು ಇಡೀ ತಾಣಕ್ಕೆ. ಕೊಂಡಿಗಳನ್ನು ತೆಗೆಸಿದವರೂ ಪೆಂಗ್ವಿನ್ ಮತ್ತೆ ಓಡುವ ತನಕ ಕಾಯಬೇಕಿತ್ತು. 2014ರ ಅಕ್ಟೋಬರ್ ಬಳಿಕ ಈ ಕಾಯುವಿಕೆ ಎರಡು ವರ್ಷದ ಹತ್ತಿರಕ್ಕೆ ಹೋಯಿತು. ಎದುರಾಳಿಯ ತಾಣಕ್ಕೆ ಬೇಕೆಂದೇ ಕೆಟ್ಟ ಕೊಂಡಿ ಕಟ್ಟುವ ಭಯ ಬೆಳೆದದ್ದೂ ಈ ಅವಧಿಯಲ್ಲೇ. ಬೇಡದ ಕೊಂಡಿಗಳನ್ನು ನಿರಾಕರಿಸುವ ‘ಡಿಸ್ಅವೋ’ ಸೌಲಭ್ಯ 2012ರ ಅಕ್ಟೋಬರ್‌ನಲ್ಲಿ ಬಂತು.

ನಿಜವಾದ ತಿರುವು 2016ರ ಸೆಪ್ಟೆಂಬರ್ 23ರದ್ದು. ಹಲವು ಕೈಪಿಡಿಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಅಂದಿನಿಂದ ಪೆಂಗ್ವಿನ್ ಗೂಗಲ್‌ನ ಮೂಲ ವ್ಯವಸ್ಥೆಯ ಭಾಗವಾಗಿ ಸದಾ ಓಡತೊಡಗಿತು; ತಾಣವನ್ನು ಶಿಕ್ಷಿಸುವ ಬದಲು ಕೆಟ್ಟ ಕೊಂಡಿಯ ಬೆಲೆ ಕಳೆಯುವುದು ಅದರ ರೀತಿಯಾಯಿತು. ಹಾಗೆ ಬೆಲೆ ಹೋದಾಗ, ಆ ಕೊಂಡಿಗಳ ಬಲದಿಂದಲೇ ಮೇಲೇರಿದ್ದ ತಾಣ ಕುಸಿಯುತ್ತದೆ. ಹೊರಗಿನಿಂದ ನೋಡುವವರಿಗೆ ಇದೂ ಶಿಕ್ಷೆಯಂತೆಯೇ ಕಾಣುತ್ತದೆ. ಸಿಬ್ಬಂದಿ ಕೈಯಾರೆ ವಿಧಿಸುವ ದಂಡನೆ ಮಾತ್ರ ಇಂದಿಗೂ ಉಳಿದಿದೆ.

ಕರ್ನಾಟಕದ ಹೆಸರು ಈ ಚರಿತ್ರೆಯಲ್ಲಿ ಬರುವುದು ಮತ್ತೊಂದು ತುದಿಯಿಂದ. 2024ರ ಮೇ ತಿಂಗಳಲ್ಲಿ ಟೆಕ್‌ಕ್ರಂಚ್ ಸುದ್ದಿತಾಣ ಕರ್ನಾಟಕ, ಕೇರಳ, ಗೋವಾ ಸೇರಿದಂತೆ ಕೆಲವು ರಾಜ್ಯಗಳ ಸರ್ಕಾರಿ ವಿಳಾಸಗಳಿಂದ ಓದುಗರನ್ನು ಆನ್‌ಲೈನ್ ಜೂಜಿನ ತಾಣಗಳಿಗೆ ಒಯ್ಯುವ ಕೊಂಡಿಗಳನ್ನು ವರದಿ ಮಾಡಿತು. ‘ಗವ್ ಡಾಟ್ ಇನ್’ ವಿಳಾಸ ಸರ್ಕಾರಿ ಸಂಸ್ಥೆಗಳಿಗಷ್ಟೇ ಸಿಗುತ್ತದೆ. ಹುಡುಕುವವರು ಅದರ ಮೇಲಿಟ್ಟ ನಂಬಿಕೆಯೇ ವಂಚಕರಿಗೆ ಬೇಕಾದದ್ದು. ತನಗೆ ಬಂದ ಕೊಂಡಿಯಿಂದಲ್ಲ, ತನ್ನೊಳಗೆ ಅನ್ಯರು ನೆಟ್ಟ ಕೊಂಡಿಯಿಂದ ತಾಣವೊಂದು ಕೆಡುವ ಈ ಬಗೆಯನ್ನು ಕಳಪೆ ಬ್ಯಾಕ್‌ಲಿಂಕ್‌ನ ವಿವರಣೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

‘ವಿಷಕಾರಿ ಕೊಂಡಿ’ಗಳ ಅಂಕ ತೋರಿಸಿ ಶುದ್ಧೀಕರಣ ಮಾರುವ ವ್ಯಾಪಾರ ಈಗಲೂ ನಡೆದಿದೆ. ಆ ಅಂಕ ಗೂಗಲ್‌ನದಲ್ಲ. ಕೈಯಾರೆ ವಿಧಿಸಿದ ದಂಡನೆ ಇದ್ದರೆ ಅದು ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ತಾಣದ ಒಡೆಯರಿಗೆ ಉಚಿತವಾಗಿ ಕಾಣಸಿಗುತ್ತದೆ; ಹೆಚ್ಚಿನ ತಾಣಗಳಿಗೆ ಡಿಸ್ಅವೋ ಬೇಕಾಗುವುದಿಲ್ಲ ಎಂದು ಗೂಗಲ್‌ನ ಸಹಾಯ ಪುಟವೇ ಹೇಳುತ್ತದೆ.