ಊರಿನ ಜೀವವೈವಿಧ್ಯ ಬರೆಯುವವರ ತರಬೇತಿ

ಊರಿನ ಗಿಡಮರ, ಪ್ರಾಣಿಪಕ್ಷಿ, ಬೆಳೆಗಳ ತಳಿ, ಅವುಗಳ ಬಗ್ಗೆ ಊರವರಿಗಿರುವ ತಿಳಿವಳಿಕೆ ಇವನ್ನೆಲ್ಲ ಊರವರೇ ಸೇರಿ ಬರೆದಿಡುವ ಪುಸ್ತಕಕ್ಕೆ ಜನತಾ ಜೀವವೈವಿಧ್ಯ ದಾಖಲಾತಿ ಎಂದು ಹೆಸರು. ಅದನ್ನು ಬರೆಸಲು ಶಿಕ್ಷಕರನ್ನೂ ಊರಿನ ಯುವಕ ಯುವತಿಯರನ್ನೂ ತಯಾರು ಮಾಡಬೇಕಾಗುತ್ತದೆ. ನಮ್ಮಲ್ಲಿ ಪರಿಸರ ಶಿಕ್ಷಣದ ಹೆಸರಿನಲ್ಲಿ ನಡೆಯುವ ತರಬೇತಿಗಳಲ್ಲಿ ನನಗೆ ಹೆಚ್ಚು ಹುರುಳಿರುವಂತೆ ಕಾಣುವುದು ಇದೇ.

ಹಿನ್ನೆಲೆ

ಪರಿಸರ ಶಿಕ್ಷಣ ಶಾಲೆಯ ನಾಲ್ಕು ಗೋಡೆಗೆ ಸೀಮಿತವಲ್ಲ, ಎಲ್ಲ ವಯಸ್ಸಿನವರಿಗೂ ಬೇಕು ಎಂಬ ಮಾತನ್ನು 1977ರ ಟಿಬಿಲಿಸಿ ಸಮ್ಮೇಳನ ಎತ್ತಿ ಹೇಳಿತು. ಭಾರತದಲ್ಲಿ 1991ರ ನವೆಂಬರಿನಲ್ಲಿ, ಎಂ.ಸಿ. ಮೆಹ್ತಾ ಪ್ರಕರಣದಲ್ಲಿ, ಶಾಲಾ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. 2001-02ರಲ್ಲಿ ಬಂದ ರಾಷ್ಟ್ರೀಯ ಹಸಿರು ಪಡೆ ಶಾಲೆಗಳಲ್ಲಿ ಇಕೋ ಕ್ಲಬ್ ಕಟ್ಟಿಸಿತು.

ಪಶ್ಚಿಮ ಘಟ್ಟದ ಕಥೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಘಟ್ಟದ ಉದ್ದಕ್ಕೂ ಕಾಲೇಜು ಅಧ್ಯಾಪಕರನ್ನು, ವಿದ್ಯಾರ್ಥಿಗಳನ್ನು ಜೊತೆಗೂಡಿಸಿ ಜೀವಿಗಳ ಲೆಕ್ಕ ಹಿಡಿಯುವ ಕೆಲಸ ಆರಂಭಿಸಿದರು. ದಾಖಲಾತಿಯ ಕಲ್ಪನೆ ಬೆಳೆದದ್ದು ಇಂಥ ಓಡಾಟಗಳಲ್ಲಿ. 2002ರ ಜೀವವೈವಿಧ್ಯ ಕಾಯಿದೆ ಬಂದ ಮೇಲೆ ಅದು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಹೊಣೆಯಾಯಿತು.

ಕೇಳುವುದನ್ನು ಕಲಿಯುವುದು

ಶಿಕ್ಷಕರಿಗೆ ಈ ತರಬೇತಿ ಕಷ್ಟವಾಗುವುದು ಒಂದೇ ಕಾರಣಕ್ಕೆ: ಹೇಳಿ ಅಭ್ಯಾಸವಾದವರು ಕೇಳಬೇಕು. "ನಿಮ್ಮೂರಲ್ಲಿ ಯಾವ ಯಾವ ಮರ ಇವೆ?" ಎಂದು ಕೇಳಿ ನೋಡಿ, "ಎಲ್ಲಾ ಇದೆ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅದೇ ಮಲೆನಾಡಿನ ಮನೆಯ ಜಗುಲಿಯಲ್ಲಿ ಕೂತು "ಅಮ್ಮಾ, ಈ ಸಲ ಉಪ್ಪಿನಕಾಯಿಗೆ ಮಿಡಿ ಎಲ್ಲಿಂದ ತಂದ್ರಿ?" ಎಂದರೆ ಮಾತು ಹೊಳೆಯಂಚಿನ ಅಪ್ಪೆಮಾವಿನ ಮರಕ್ಕೆ ಹೋಗುತ್ತದೆ. ಜೀರಿಗೆ ವಾಸನೆಯ ಮಿಡಿ ಯಾವುದು, ಕರ್ಪೂರದ ವಾಸನೆಯದು ಯಾವುದು, ಯಾವ ಮರ ಬಿದ್ದುಹೋಯಿತು, ಯಾರು ಕಸಿ ಕಟ್ಟಿ ಉಳಿಸಿಕೊಂಡಿದ್ದಾರೆ ಎಂಬುದೆಲ್ಲ ಹೊರಬರುತ್ತದೆ. ತರಬೇತಿಗೆ ಬಂದವರು ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ ನೋಡಬೇಕು. ಸಭಾಂಗಣದಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿದರೆ ಇದು ಸಿಗುವುದಿಲ್ಲ.

ಬಯಲುಸೀಮೆಯಲ್ಲಾದರೆ ಬೆರಕೆ ಸೊಪ್ಪಿನಿಂದ ಶುರು ಮಾಡಬಹುದು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ, ರಾಗಿ ಸಾಲುಗಳ ನಡುವೆ ತಾನಾಗಿ ಹುಟ್ಟುವ ಅಣ್ಣೆ, ಗಣಿಕೆ, ಗೋಣಿ ಸೊಪ್ಪುಗಳನ್ನು ಗುರುತು ಹಿಡಿದು ಕಿತ್ತು ತರುವವರು ಹೆಂಗಸರು. ಕೃಷಿ ಪುಸ್ತಕಕ್ಕೆ ಅಣ್ಣೆ ಕಳೆ. ಬಸ್ಸಾರಿಗೆ ಅದೇ ಜೀವಾಳ. ಗಂಡಸರನ್ನಷ್ಟೇ ಮಾತಾಡಿಸಿ ಬಂದ ಸ್ವಯಂಸೇವಕರ ಹಾಳೆಯಲ್ಲಿ ಈ ಭಾಗ ಖಾಲಿ ಬಿದ್ದಿರುತ್ತದೆ.

ಹೆಸರಿನ ತೊಡಕೂ ಉಂಟು. ಗಣಿಕೆಗೆ ಒಂದು ಕಡೆ ಕಾಶಿ ಸೊಪ್ಪೆನ್ನುತ್ತಾರೆ. ಹೇಳಿದವರ ಬಾಯಲ್ಲಿ ಬಂದ ಹೆಸರನ್ನು ಹಾಗೇ ಬರೆದುಕೊಳ್ಳಬೇಕು, ಒಂದು ಟೊಂಗೆ ಒಣಗಿಸಿ ಇಟ್ಟುಕೊಳ್ಳಬೇಕು. ಸಸ್ಯಶಾಸ್ತ್ರದ ಹೆಸರನ್ನು ಕಾಲೇಜಿನ ಮೇಷ್ಟ್ರು ಆಮೇಲೆ ಸೇರಿಸಿದರಾಯಿತು. ತಿದ್ದುವ ಚಪಲ ಮಾತ್ರ ಬೇಡ.

ಬರೆಯದೆ ಬಿಡುವುದು

ನಾಟಿ ವೈದ್ಯರು ಮದ್ದಿನ ಮರ್ಮ ಹೇಳದಿದ್ದರೆ ಒತ್ತಾಯಿಸಬಾರದು. ಹೇಳಿದರೂ, ಬರೆಯಲೇ ಎಂದು ಕೇಳಿಯೇ ಬರೆಯಬೇಕು. ಅಪರೂಪದ ಗಿಡದ ನಿಖರವಾದ ಜಾಗವನ್ನು ಬಹಿರಂಗಪಡಿಸಿದರೆ ಅದು ಕೀಳುವವರಿಗೆ ನಕ್ಷೆ ಕೊಟ್ಟಂತೆ. ತರಬೇತಿಯಲ್ಲಿ ಇದಕ್ಕೆ ಅರ್ಧ ದಿನವಾದರೂ ಮೀಸಲಿಡುವುದು ಒಳ್ಳೆಯದು.

ಗಡುವಿನ ಪೆಟ್ಟು

ಕಾಯಿದೆ ಬಂದು ಹದಿನೈದು ವರ್ಷ ಕಳೆದರೂ ಬಹುಪಾಲು ಪಂಚಾಯಿತಿಗಳಲ್ಲಿ ದಾಖಲಾತಿ ಇರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ರಾಜ್ಯಗಳು ತಿಂಗಳಿಗೆ ತಲಾ 10 ಲಕ್ಷ ರೂಪಾಯಿ ಕಟ್ಟಬೇಕೆಂದು 2019ರ ಆಗಸ್ಟಿನಲ್ಲಿ ಆದೇಶಿಸಿತು. ಕೆಲಸ ಓಡಿತು, ಒಪ್ಪೋಣ. ಆದರೆ ಅಂಥ ಓಟದಲ್ಲಿ ತರಬೇತಿಗೆ ಬಿಡುವೆಲ್ಲಿ? ಎರಡು ದಿನಕ್ಕೆ ನಮೂನೆ ತುಂಬಬಹುದು, ಊರನ್ನು ಅರಿಯಲಾಗದು.

ಚಳಿಗಾಲದ ನಾಲ್ಕು ತಿಂಗಳಲ್ಲಿ ಹೊಳೆ ನೋಡಿದವರಿಗೆ, ಮೊದಲ ಮಳೆಯ ಕೆಂಪು ನೀರಿಗೆ ಎದುರಾಗಿ ಗದ್ದೆಗೆ ಏರಿ ಬರುವ ಹತ್ತುಮೀನು ಕಾಣುವುದಿಲ್ಲ. ಅದನ್ನು ಬರೆಯಬೇಕಾದವರು ಜೂನ್‌ನಲ್ಲಿ ಕೊಡೆ ಹಿಡಿದು, ಊರಿನ ಹುಡುಗರ ಜೊತೆ ರಾತ್ರಿ ಗದ್ದೆ ಅಂಚಿಗೆ ಹೋಗಬೇಕು.